ಗೋರಾ ಸಾಹೇಬರ ಚರ್ಚು

ಸೊಲ್ಲಾಪುರ
೧೮ ಜೂನ್ ೧೯೭೪

ಪೂಜ್ಯ ಯಜಮಾನರಿಗೆ, ಲೀಲಾಬಾಯಿಯ ಶರಣು ಶರಣಾರ್ಥಿಗಳು.

ನೀವು ಸಿಟ್ಟಾಗಿ ಅಕ್ಕಲಕೋಟೆಗೆ, ಭಾವನವರ ಮನೆಗೆ ಹೋದಾಗಿನಿಂದ ನನಗೂ ಊಟ ಸೇರುತ್ತಿಲ್ಲ. ಆದರೂ ಆ ಹಳೆಯ ಚರ್ಚನ್ನು ಒಡೆದು ಅಂಗಡಿ ಸಾಲು ಕಟ್ಟಲು ನಾನು ಒಪ್ಪುವುದಿಲ್ಲ. ಇದನ್ನು ಮೊದಲೇ ಹೇಳಿ ಮುಂದೆ ಬರೆಯುತ್ತೇನೆ.

ನಿಮಗದು ಬರೀ ಗುದಾಮು. ರೈಲ್ವೆಯ ಗೋರಾ ಸಾಹೇಬರು ತಮಗಾಗಿ ಕಟ್ಟಿಸಿದ್ದರಂತೆ. ಆ ಇಂಗ್ಲಿಷರು ದೇಶ ಬಿಟ್ಟ ಮೇಲೆ ಪ್ರಾರ್ಥನೆಗೆ ಬರುವವರು ಕಡಿಮೆಯಾದರು. ಉಳಿದ ಕೆಲವು ಮನೆಯವರು ತಮ್ಮ ಓಣಿಯಲ್ಲೇ ಸಣ್ಣ ಚರ್ಚು ಕಟ್ಟಿಕೊಂಡು, ಗಂಟೆ ಇಳಿಸಿಕೊಂಡು ಹೋಗಿ, ಇದನ್ನು ನನ್ನ ಅಪ್ಪನಿಗೆ ಮಾರಿದರು. ಅಪ್ಪ ಅರಳೆ ತುಂಬಿದರು. ನೀವು ಟವೆಲ್ಲಿನ ಗಂಟು ತುಂಬಿದಿರಿ. ಸಾಯುವ ಮುಂಚೆ ಅಪ್ಪ ಅದನ್ನು ನನ್ನ ಹೆಸರಿಗೆ ಮಾಡಿದರು.

ಹೋದ ವರ್ಷ ಗುದಾಮು ಖಾಲಿಯಾದಾಗ ಪಕ್ಕದ ಓಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೂಸುಗಳನ್ನು ಒಳಗೆ ಕರೆದೆ. ತಂಬಾಕಿನ ಧೂಳಿನಲ್ಲಿ ಕೆಮ್ಮುತ್ತ ಮಲಗುತ್ತಿದ್ದ ಅವು ಈಗ ಆ ತಣ್ಣನೆಯ ಕಲ್ಲುಹಾಸಿನ ಮೇಲೆ ಆಡುತ್ತವೆ. ಇದೇ ಚರ್ಚಿನಲ್ಲಿ ಮದುವೆಯಾಗಿದ್ದ ಮುದುಕಿ ಸಗುಣಾಬಾಯಿ ಅವುಗಳನ್ನು ನೋಡಿಕೊಳ್ಳುತ್ತಾರೆ. ನಿಮಗೆ ಹೇಳಿದ್ದೆ, ನೀವು ನಕ್ಕು ಬಿಟ್ಟಿದ್ದಿರಿ.

ನಿನ್ನೆ ಮುಂಜಾನೆ ನೀವು ಕಳಿಸಿದ ಮುಕಾದಮ ಹಣಮಂತಪ್ಪ ಹಾರೆ, ಗುದ್ದಲಿ ಹೊತ್ತ ತನ್ನ ಕೈಕೆಳಗಿನ ಆಳುಗಳೊಂದಿಗೆ ಬಂದ. ಮಕ್ಕಳು ಒಳಗಿದ್ದರು. ನಾನು ಬಾಗಿಲಲ್ಲಿ ಕುಳಿತೆ. ಬೀಡಿಯ ಮೊರ ಹಿಡಿದೇ ತಾಯಂದಿರು ಓಡಿ ಬಂದರು.

“ಏಳ್ರಿ ಬಾಯಾರ, ಮಾಲಕರ ಹುಕುಂ ಐತ್ರಿ,” ಎಂದ ಹಣಮಂತಪ್ಪ.

“ಮಾಲಕಿ ನಾನ ಅದೀನಿ. ಹಾರಿ ಕೆಳಗ ಇಡು,” ಎಂದೆ.

ಅವನು ಒಳಗೆ ಇಣುಕಿ ನೋಡಿದ. “ಇಲ್ಲಿ ಕೂಸುಗೋಳು ಅದಾವಂತ ನನಗ ಯಾರೂ ಹೇಳಿಲ್ರಿ,” ಎಂದವನು ಆಳುಗಳನ್ನು ಕರೆದುಕೊಂಡು ಹೊರಟುಹೋದ.

ನೀವು ಮತ್ತೊಬ್ಬನನ್ನು ಕಳಿಸಬಹುದು. ಆಗಲೂ ನಾನು ಅಲ್ಲೇ ಇರುತ್ತೇನೆ. ಈ ಕೂಸುಗಳ ಬಾಲವಾಡಿ ನಡೆಯುತ್ತದೆ, ನಾಳೆ ಗೋಡೆಗೆ ಸುಣ್ಣ ಹಚ್ಚಿಸುತ್ತಿದ್ದೇನೆ. ನಿಮ್ಮ ಮೇಲಿನ ಹಟಕ್ಕಲ್ಲ. ಮದುವೆಯಾದಾಗಿನಿಂದ ನಿಮ್ಮ ಮಾತಿಗೆ ಹೂಂ ಅನ್ನುತ್ತಲೇ ಬಂದಿದ್ದೇನೆ, ಇದೊಂದಕ್ಕೆ ಅನ್ನಲಾರೆ. ಮನೆಗೆ ಬನ್ನಿ. ಜಗಳವಾಡುವುದಿದ್ದರೂ ಇಲ್ಲೇ ಬಂದು ಆಡಿರಿ.

ನಿಮ್ಮ ದಾರಿ ಕಾಯುವ,
ಲೀಲಾಬಾಯಿ

ತಾ.ಕ.: ಬಂದಾಗ ಮನೆಗೆ ಬೀಗ ಕಂಡರೆ ಗಾಬರಿಯಾಗಬೇಡಿ. ನಿಮ್ಮ ಅವ್ವನವರೂ ನನ್ನ ಜೊತೆ ಚರ್ಚಿನಲ್ಲೇ ಇದ್ದು ಕೂಸುಗಳಿಗೆ ಗಂಜಿ ಕುಡಿಸುತ್ತಾರೆ. ನಿನ್ನೆ ಬಾಗಿಲಲ್ಲಿ ನನಗಿಂತ ಮೊದಲು ಹೋಗಿ ಕುಳಿತವರು ಅವರೇ. “ನನ್ನ ಮಗಗ ಇದನ್ನ ಬರೀಬ್ಯಾಡ” ಎಂದಿದ್ದಾರೆ.