ಅಚ್ಚಿಲ್ಲದ ಗಟ್ಟಿ

ಮಾರ್ಚ್ ೧೪, ಗುರುವಾರ

ಪ್ರೀತಿಯ ಪುಟ್ಟಿ,

ನೀನೂ ನಿನ್ನ ಮನೆಯವರೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ಅಮ್ಮನ ಮೊಣಕಾಲು ನೋವೊಂದನ್ನು ಬಿಟ್ಟರೆ ಎಲ್ಲ ಸರಿಯಾಗಿದೆ. ನಿನ್ನ ಎರಡು ಪತ್ರಗಳು ನನ್ನ ಮೇಜಿನ ಖಾನೆಯಲ್ಲಿ ಉತ್ತರವಿಲ್ಲದೆ ಬಿದ್ದಿವೆ. ಮೊದಲನೆಯದಕ್ಕೆ ಅಂಗಡಿಯ ಕೆಲಸ ಅಡ್ಡ ಬಂತು ಎನ್ನಬಹುದು. ಎರಡನೆಯದಕ್ಕೂ ಹಾಗೇ ಹೇಳಿದರೆ ಸುಳ್ಳಾಗುತ್ತದೆ, ಬರೆಯಲು ಕೂತಾಗಲೆಲ್ಲ ಕೈ ಹಿಂದೆ ಸರಿಯುತ್ತಿತ್ತು. ಇವತ್ತು ಅಂಗಡಿಗೆ ರಜೆ, ಅಮ್ಮ ಎದುರುಮನೆ ಟೀಚರ ಹತ್ತಿರ ಹರಟೆಗೆ ಹೋಗಿದ್ದಾಳೆ. ತಪ್ಪಿಸಿಕೊಳ್ಳಲು ನನಗೆ ನೆಪವೇ ಉಳಿದಿಲ್ಲ.

ಅಮ್ಮನಿಗೆ ನೀನು ಕಳಿಸಿದ ಬೆಳ್ಳಿ ಗಟ್ಟಿಯ ವಿಷಯ ಹೇಳಬೇಕು. ಅದಕ್ಕೆ ಮೊದಲು ಡಿಸೆಂಬರಿನಲ್ಲಿ ನೀನು ಮಾಡಿದ ಫೋನು ನೆನಪಿಸಿಕೋ. "ಅಕ್ಕಾ, ಒಂದು ಬೆಳ್ಳಿ ಗಟ್ಟಿ ತಗೋಬೇಕು, ಮೋಸ ಹೋಗದೆ ಇರೋದು ಹೇಗೆ ಹೇಳು" ಅಂದೆಯಲ್ಲ, ಆ ದಿನ ನನಗಾದ ಖುಷಿ ನಿನಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಅಂಗಡಿಯ ಪರೀಕ್ಷೆ ಮೇಜಿನಲ್ಲಿ ಕೂತಿದ್ದೇನೆ. ಗಿರಾಕಿಗಳು ನನಗೆ ಒರೆಗಲ್ಲಮ್ಮ ಎಂದು ಹೆಸರಿಟ್ಟಿದ್ದಾರೆ. ಆದರೆ ನಮ್ಮ ಮನೆಯಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಿದ್ದಿಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡು.

ಮುಕ್ಕಾಲು ಗಂಟೆ ಪಾಠ ಹೇಳಿದೆ. ಗಟ್ಟಿಯ ಮೇಲಿನ ನಂಬರು, ಅದರ ಜೊತೆ ಪ್ಯಾಕಿನಲ್ಲಿ ಬರುವ ಕಾರ್ಡಿನ ಮೇಲಿನ ನಂಬರು ಒಂದೇ ಇದೆಯೇ ನೋಡು, ಕಂಪನಿಗೂ ಫೋನು ಮಾಡಿ ಕೇಳು ಎಂದೆ. ಅಯಸ್ಕಾಂತ ಹಿಡಿದರೆ ಬೆಳ್ಳಿ ಅಂಟುವುದಿಲ್ಲ, ಅಂಟಿದರೆ ಅಲ್ಲಿಂದ ಎದ್ದು ಬಾ ಎಂದೆ. ಪ್ರೀಮಿಯಂ ಎಂದರೆ ಏನು ಅಂತ ಕೇಳಿದೆ ನೀನು. ಬೆಳ್ಳಿಯ ದಿನದ ದರದ ಮೇಲೆ ಅಂಗಡಿಯವರು ಹಾಕುವ ಹೆಚ್ಚುವರಿ, ಸಾದಾ ಗಟ್ಟಿಗೆ ನೂರಕ್ಕೆ ಮೂರೋ ನಾಲ್ಕೋ, ದೊಡ್ಡ ಕಂಪನಿಯ ಅಚ್ಚಿದ್ದರೆ ಹತ್ತೋ ಹನ್ನೆರಡೋ, ಮಾರುವಾಗ ಅದರಲ್ಲಿ ಎಷ್ಟು ವಾಪಸ್ ಬರುತ್ತದೆಂದು ಕೊಳ್ಳುವ ಮೊದಲೇ ಕೇಳಿಕೋ ಎಂದೆ. ಕೊನೆಗೆ ಗಿರಾಕಿಗಳಿಗೆ ಹೇಳುವ ಮಾತನ್ನೇ ನಿನಗೂ ಹೇಳಿದೆ: "ಒಳಗಿರೋ ಬೆಳ್ಳಿ ಒಂದೇ ಕಣೆ. ಹೆಸರಿಗ್ಯಾಕೆ ದುಡ್ಡು ಕೊಡ್ತೀಯ?"

ನೀನು ಹೂಂ ಹೂಂ ಅಂದೆ. ಯಾರಿಗೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜನವರಿಯಲ್ಲಿ ಅಮ್ಮನಿಗೆ ಎಪ್ಪತ್ತು ತುಂಬಿದ ದಿನ ಬೆಳಿಗ್ಗೆ ನಾನು ನನ್ನ ಉಡುಗೊರೆ ಕೊಟ್ಟೆ. ನಮ್ಮ ಅಂಗಡಿಯ ಕುಲುಮೆಯಲ್ಲೇ ಎರಕ ಹೊಯ್ದ ಅರ್ಧ ಕೆಜಿಯ ಸಾದಾ ಗಟ್ಟಿ. ಅಚ್ಚಿಲ್ಲ, ನಂಬರಿಲ್ಲ, ಮೇಲ್ಮೈ ಸ್ವಲ್ಪ ಉಬ್ಬುತಗ್ಗು. ಆದರೆ ನಾನೇ ಪರೀಕ್ಷಿಸಿ ಆರಿಸಿದ್ದು, ಅಪ್ಪಟ ಬೆಳ್ಳಿ. ಅಮ್ಮ ಕೈಯಲ್ಲಿ ತೂಗಿ ನೋಡಿ, ಭಾರ ಇದೆಯಲ್ಲೇ ಎಂದು ಹೇಳಿ ಫ್ರಿಜ್ಜಿನ ಮೇಲಿಟ್ಟಳು. ಹನ್ನೊಂದು ಗಂಟೆಗೆ ನಿನ್ನ ಕೊರಿಯರ್ ಬಂತು.

ಅದೂ ಅರ್ಧ ಕೆಜಿ. ಮುಖ ಕಾಣುವಷ್ಟು ನುಣುಪು, ಮೇಲೆ ಕಂಪನಿಯ ಅಚ್ಚು, ಸೀಲು ಹಾಕಿದ ಪಾರದರ್ಶಕ ಪ್ಯಾಕು, ನೀಲಿ ಮಖಮಲ್ಲಿನ ಡಬ್ಬಿ. ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದಳು. ಎದುರುಮನೆ ಟೀಚರು, ಮೇಲಿನ ಮನೆಯ ದಂಪತಿ, ಕೊನೆಗೆ ನೀರಿನ ಮೀಟರು ನೋಡಲು ಬಂದವನು, ಯಾರನ್ನೂ ಬಿಡಲಿಲ್ಲ. ಚಿಕ್ಕವಳು ಕಳಿಸಿದ್ದು, ಚಿಕ್ಕವಳು ಕಳಿಸಿದ್ದು. ರಾತ್ರಿ ಡಬ್ಬಿ ತಲೆದಿಂಬಿನ ಪಕ್ಕಕ್ಕೆ ಹೋಯಿತು. ನನ್ನ ಗಟ್ಟಿ ಮರುದಿನ ಫ್ರಿಜ್ಜಿನಿಂದ ಇಳಿದು ಕೋಣೆಯ ಬಾಗಿಲಿಗೆ ಒತ್ತಾಗಿ ಕೂತಿತು, ಗಾಳಿಗೆ ಬಾಗಿಲು ಬಡಿಯದ ಹಾಗೆ. ನ್ಯಾಯವಾಗಿ ಹೇಳಬೇಕೆಂದರೆ, ಆ ಕೆಲಸಕ್ಕೆ ಅದು ಬಹಳ ಚೆನ್ನಾಗಿದೆ.

ಹೊಟ್ಟೆಕಿಚ್ಚು ಅನ್ನುತ್ತೀಯ. ಅನ್ನು, ನಾನೇ ಅನ್ನುತ್ತಿದ್ದೇನೆ. ಚಿಕ್ಕಂದಿನಲ್ಲಿ ನೆಂಟರು ಬಂದರೆ ನೀನು ನಡುಮನೆಯಲ್ಲಿ ನಿಂತು ಪದ್ಯ ಹೇಳುತ್ತಿದ್ದೆ, ನಾನು ಒಳಗೆ ಲೋಟ ತೊಳೆಯುತ್ತಿದ್ದೆ. ಆಗ ನಿನ್ನ ಮೇಲೆ ಸಿಟ್ಟು ಬಂದರೆ ನಿನ್ನ ಜಡೆ ಎಳೆದು ಮುಗಿಸುತ್ತಿದ್ದೆ. ಐವತ್ತು ದಾಟಿದ ಮೇಲೆ ಯಾರ ಜಡೆ ಎಳೆಯಲಿ?

ಅಷ್ಟರಲ್ಲಿ ನಿನ್ನ ಮೊದಲ ಪತ್ರ ಬಂತು. ಬೇರೆಯವರು ನೂರಕ್ಕೆ ಹನ್ನೆರಡು ಪ್ರೀಮಿಯಂ ಹೇಳಿದ ಕಡೆ ಒಂದು ಹೊಸ ಅಂಗಡಿಯಲ್ಲಿ ಐದಕ್ಕೇ ಸಿಕ್ಕಿತು ಎಂದು ಹೆಮ್ಮೆಯಿಂದ ಬರೆದಿದ್ದೆ. ಅದನ್ನು ಓದಿದ್ದೇ ತಡ, ನನ್ನೊಳಗಿನ ಒರೆಗಲ್ಲಮ್ಮ ಎದ್ದು ಕೂತಳು. ಬೆಳ್ಳಗಿರೋದೆಲ್ಲ ಹಾಲಲ್ಲ. ಒಳ್ಳೆಯ ಅಚ್ಚಿನ ಗಟ್ಟಿಯನ್ನು ಯಾರೂ ಸುಮ್ಮನೆ ಅಷ್ಟು ಅಗ್ಗಕ್ಕೆ ಕೊಡುವುದಿಲ್ಲ. ಒಮ್ಮೆ ಅಂಗಡಿಯಲ್ಲಿ ನೋಡಿಸಿ ತರುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಹಸುಗೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟಳು.

ಪುಟ್ಟಿ, ದಾರಿಯುದ್ದಕ್ಕೂ ನಾನು ಬೇಡಿಕೊಂಡಿದ್ದು ಒಂದೇ, ಇದು ಖೋಟಾ ಆಗಿರಲಿ. ಈ ಕೆಲಸಕ್ಕೆ ಸೇರಿದಾಗಿನಿಂದ ಎಷ್ಟೋ ಬಡವರ ಬೆಳ್ಳಿ ಮೇಜಿಗೆ ಬಂದಾಗ ಇದು ನಿಜವಾಗಿರಲಪ್ಪ ಎಂದುಕೊಂಡಿದ್ದೇನೆ. ಸುಳ್ಳಾಗಲಿ ಎಂದು ಬಯಸಿದ್ದು ಅದೇ ಮೊದಲು.

ಪ್ಯಾಕಿನ ಸಮೇತ ತೂಕ ಮಾಡಿದೆ, ಸರಿಯಿತ್ತು. ನಂಬರು ಕೂಡಿತು, ಕಂಪನಿಯವರೂ ಫೋನಿನಲ್ಲಿ ಹೌದು ಎಂದರು. ಉದ್ದ, ಅಗಲ, ದಪ್ಪ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅಯಸ್ಕಾಂತ ಅಂಟಲಿಲ್ಲ. ಅಗ್ಗವಾಗಿದ್ದಕ್ಕೆ ಕಾರಣವೂ ಕಣ್ಣೆದುರೇ ಇತ್ತು, ಕಾರ್ಡಿನ ಒಂದು ಮೂಲೆ ಮಡಚಿಕೊಂಡಿತ್ತು, ಅಂಥದ್ದಕ್ಕೆ ಪೂರ್ತಿ ಪ್ರೀಮಿಯಂ ಯಾರೂ ಕೊಡುವುದಿಲ್ಲ. ಅಲ್ಲಿಗೆ ಬಿಡಬೇಕಿತ್ತು. ನಾನು ಕತ್ತರಿ ಎತ್ತಿಕೊಂಡೆ.

ಅಂಗಡಿಯ ಯಜಮಾನರು ಗಲ್ಲಾದಿಂದ ಎದ್ದು ಬಂದು ಕೈ ಅಡ್ಡ ಹಿಡಿದರು. "ಪ್ಯಾಕ್ ಬಿಚ್ಚಿದ್ರೆ ಪ್ರೀಮಿಯಂ ಹೋಯ್ತು. ನಿಮಗೆ ನಾನು ಹೇಳಬೇಕಾ?"

ಹೇಳಬೇಕಿರಲಿಲ್ಲ. ದಿನಕ್ಕೆ ಹತ್ತು ಸಲ ನಾನೇ ಗಿರಾಕಿಗಳಿಗೆ ಹೇಳುವ ಮಾತದು. ಸೀಲು ಹರಿದ ಗಟ್ಟಿಯನ್ನು ಯಾವ ಅಂಗಡಿಯವರೂ ಹೆಸರಿನ ಬೆಲೆಗೆ ಕೊಳ್ಳುವುದಿಲ್ಲ, ಸಾದಾ ಬೆಳ್ಳಿಯ ಲೆಕ್ಕಕ್ಕೆ ಹಾಕುತ್ತಾರೆ. ಮನೆಯ ವಿಷಯ, ನನಗೆ ಖಚಿತವಾಗಬೇಕು ಎಂದು ಹೇಳಿ ಕತ್ತರಿಸಿಬಿಟ್ಟೆ. ಗಟ್ಟಿಯನ್ನು ದಾರದಲ್ಲಿ ಕಟ್ಟಿ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿದ್ದ ನೀರಿನ ಪಾತ್ರೆಯೊಳಗೆ ತಳ ಮುಟ್ಟದ ಹಾಗೆ ಇಳಿಬಿಟ್ಟೆ. ಅರ್ಧ ಕೆಜಿ ಅಪ್ಪಟ ಬೆಳ್ಳಿಯಾದರೆ ತಕ್ಕಡಿ ಸುಮಾರು ನಲವತ್ತೇಳೂವರೆ ಗ್ರಾಂ ಹೆಚ್ಚು ತೋರಿಸಬೇಕು, ಒಳಗೆ ಬೇರೆ ಲೋಹ ತುಂಬಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ನಲವತ್ತೇಳು ಪಾಯಿಂಟ್ ಏಳು ತೋರಿಸಿತು. ಹೊರತೆಗೆದು ಒರೆಸಿ, ದಾರದಲ್ಲೇ ತೂಗಿಸಿ ಮೆಲ್ಲಗೆ ತಟ್ಟಿದೆ. ಅದರ ನಾದ ಎಷ್ಟು ಹೊತ್ತು ನಿಂತಿತೆಂದರೆ ಗಲ್ಲಾದ ಎದುರಿದ್ದ ಗಿರಾಕಿಗಳೂ ತಿರುಗಿ ನೋಡಿದರು.

"ಒಳ್ಳೆ ಮಾಲು," ಅಂದರು ಯಜಮಾನರು. "ಯಾರು ಕೊಂಡಿದ್ದೋ ಅವರಿಗೆ ಚೆನ್ನಾಗಿ ಗೊತ್ತಿದೆ."

ಕಲಿಸಿದವಳು ನಾನೇ. ಗಟ್ಟಿಯನ್ನು ಹರಿದ ಪ್ಯಾಕಿನೊಳಗೆ ಮತ್ತೆ ತೂರಿಸಿ ಡಬ್ಬಿ ಮುಚ್ಚಿದೆ.

ಸಂಜೆ ಅಮ್ಮ ಹರಿದ ಪ್ಯಾಕನ್ನು ತಿರುಗಿಸಿ ತಿರುಗಿಸಿ ನೋಡಿದಳು. ಪರೀಕ್ಷೆ ಮಾಡಲು ಬಿಚ್ಚಬೇಕಾಯಿತು, ಅಪ್ಪಟ ಮಾಲು ಎಂದೆ. "ಅವಳು ಕಳಿಸಿದ್ದನ್ನೂ ಪರೀಕ್ಷೆ ಮಾಡ್ಬೇಕಾ?" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಸೆಲ್ಲೋಟೇಪು ತಂದು ಅಂಟಿಸಿ, ನಿನಗೆ ಹೇಳುವುದಿಲ್ಲ ಎಂದೂ ಮಾತು ಕೊಟ್ಟಳು. ಅವಳು ಹೇಳುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಅನುಮಾನದಿಂದ ಬಿಚ್ಚಿದೆ ಎಂದು ಎಲ್ಲರಿಗೂ ಹೇಳಿದ್ದೇನೆ, ನಿನಗೂ ಹಾಗೇ ಹೇಳಿ ಪಾರಾಗಬಹುದಿತ್ತು. ಅನುಮಾನವೆಲ್ಲ ಕಾರ್ಡಿನ ಮೂಲೆ ನೋಡಿದಾಗಲೇ ತೀರಿತ್ತು. ಆಮೇಲೆ ಕತ್ತರಿ ಹಿಡಿದದ್ದು ಹೊಟ್ಟೆಕಿಚ್ಚೇ. ನಿನ್ನ ಗಟ್ಟಿಯೂ ನನ್ನದರ ಹಾಗೆ ಬರೀ ಬೆಳ್ಳಿಯಾಗಲಿ ಎಂದು ಬಿಚ್ಚಿದೆ. ತಪ್ಪಾಯಿತು ಕಣೆ, ಕ್ಷಮಿಸು.

ಉಳಿದಂತೆ, ಅಡುಗೆಮನೆಯ ನಲ್ಲಿ ಕೊನೆಗೂ ರಿಪೇರಿಯಾಯಿತು. ಮೇ ತಿಂಗಳಲ್ಲಿ ನೀನು ಬರುವುದು ಖಂಡಿತ ತಾನೆ? ಅಮ್ಮ ಕ್ಯಾಲೆಂಡರಿನಲ್ಲಿ ಈಗಲೇ ಸುತ್ತು ಹಾಕಿದ್ದಾಳೆ. ಮಕ್ಕಳು ಆರೋಗ್ಯವಾಗಿ, ನಿಮ್ಮ ಮಾತು ಕೇಳಿಕೊಂಡು ಬೆಳೆಯಲಿ. ನಿನಗೆ ಯಾವ ಕೊರತೆಯೂ ಬಾರದಿರಲಿ. ಇಷ್ಟೆಲ್ಲ ಬರೆದ ಮೇಲೂ ಈ ಹಾರೈಕೆಯನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ, ನಂಬು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದ್ದೇನೆ, ಬಿಚ್ಚುವ ಚಟ ಹೋಗಿಲ್ಲ ನೋಡು. ಹೋದ ವಾರ ಟೀಚರು ಬಂದಿದ್ದಾಗ ಬಾಗಿಲಿನ ಹತ್ತಿರ ನನ್ನ ಗಟ್ಟಿಯನ್ನು ಎಡವಿದರು. ಎತ್ತಿ ನೋಡಿ, ಇದೂ ಬೆಳ್ಳಿಯಾ, ಯಾರು ಕೊಟ್ಟಿದ್ದು ಎಂದು ಅಮ್ಮನನ್ನು ಕೇಳಿದರು. "ಅದೂ ಚಿಕ್ಕವಳೇ ಕೊಟ್ಟಿದ್ದು" ಎಂದಳು ಅಮ್ಮ. ನಾನು ಚಹಾ ಹಿಡಿದು ಅಲ್ಲೇ ನಿಂತಿದ್ದೆ. ಅಮ್ಮನಿಗೆ ಮರೆವಿಲ್ಲ ಪುಟ್ಟಿ, ನಿನ್ನ ಮೊದಲ ಹಲ್ಲು ಬಿದ್ದ ವಾರ ಯಾವುದೆಂದು ಈಗಲೂ ಹೇಳುತ್ತಾಳೆ. ನಾನು ಚಹಾ ಕೊಟ್ಟು, ಸಕ್ಕರೆ ಸಾಕಾ ಎಂದು ಕೇಳಿದೆ. ಭಾನುವಾರ ಅಂಗಡಿಯಿಂದ ಅಕ್ಷರದ ಅಚ್ಚುಗಳನ್ನು ತಂದು, ಅಮ್ಮ ಸ್ನಾನಕ್ಕೆ ಹೋದಾಗ ಆ ಗಟ್ಟಿಯ ಮೇಲೆ ನನ್ನ ಹೆಸರು ಹೊಡೆದೆ. ಅದೂ ಅಡಿಭಾಗದಲ್ಲಿ, ಯಾರಿಗೂ ಕಾಣದ ಹಾಗೆ. ಮತ್ತೆ ಬಾಗಿಲ ಹತ್ತಿರವೇ ಇಟ್ಟಿದ್ದೇನೆ. ಮೇ ತಿಂಗಳಲ್ಲಿ ಬಂದಾಗ ನೀನಾದರೂ ಒಮ್ಮೆ ತಿರುಗಿಸಿ ಓದು. ಅಮ್ಮನಿಗೆ ತೋರಿಸಬೇಡ.