ಹೊಸ್ತಿಲು ದಾಟಿದ ಕೊಪ್ಪರಿಗೆಗಳು

ಜನವರಿ 22, ಸೋಮವಾರ. ಬೆಳಗ್ಗೆ 5.15

ಒಲೆ ಹೊತ್ತಿದೆ. ಸೌದೆ ಹಸಿ, ಹೊಗೆಯೋ ಹೊಗೆ. ಇವತ್ತು ಶಾಲೆಯ ಗಂಜಿ ಬೇಯಿಸಲು ಎನೆಲೆಸಿಯ ಸರದಿ, ಜೊತೆಗೆ ನಾಲ್ವರು ತಾಯಂದಿರು. ಸಂಬಳವಿಲ್ಲ. ತಳ ಹಿಡಿದ ಗಂಜಿ ಕೆರೆದು ಮನೆಗೆ ಒಯ್ಯಬಹುದು, ಅಷ್ಟೇ.

ಗಂಟೆಗೆ ಮುಂಚೆಯೇ ಸಾಲಿನ ತುದಿಯಲ್ಲಿ ಫೈನೆಸಿ. ನನ್ನ ಒಂದನೇ ತರಗತಿಯವಳು. ಸೊಂಟಕ್ಕೆ ದಾರ, ದಾರಕ್ಕೆ ಮಗ್ಗು, ನಡೆದರೆ ಟಣ್ ಟಣ್. "ರಾತ್ರಿ ಏನು ತಿಂದೆ?" ಎಂದೆ.

"ಮಲ್ಕೊಂಡೆ ಟೀಚರ್."

ಇನ್ನು ಮೇಲೆ ಕೇಳಬಾರದು. ಹೊಲದಲ್ಲಿ ಮೆಕ್ಕೆಜೋಳ ಇನ್ನೂ ಮೊಣಕಾಲೆತ್ತರ. ತೆನೆ ಮಾರ್ಚಿಗೆ. ಅಲ್ಲಿವರೆಗೆ ನಮ್ಮ ಫಲೊಂಬೆ ಸೀಮೆಯ ಅರ್ಧ ಮನೆಗಳಲ್ಲಿ ತೌಡು, ಹಸಿ ಮಾವಿನಕಾಯಿ.

ಗಂಜಿಗೆ ಹಿಟ್ಟು ಕೊಡುವ ಸಂಸ್ಥೆಯಿಂದ ಮೆಸೇಜು: ಗುರುವಾರ ಗೋಂಡ್ವೆ ಎನ್ನುವವರು ತಪಾಸಣೆಗೆ ಬರುತ್ತಾರೆ. ಸರಿ ಎಂದರೆ ಸುಗ್ಗಿಯವರೆಗೂ ಹಿಟ್ಟು. ಇಲ್ಲವೆಂದರೆ... ಹೊಳೆಯಾಚೆಯ ಶಾಲೆಗೆ ಕ್ರಿಸ್‌ಮಸ್ಸಿಗೆ ಮುಂಚೆಯೇ ನಿಂತುಹೋಗಿದೆ.

ಜನವರಿ 23

ಅಡುಗೆಮನೆ ತೊಳೆಸಿದೆ. ನಿಯಮದ ಕಾಗದ ಗೋಡೆಗೆ ಮತ್ತೆ ಅಂಟಿಸಿದೆ. ಮೊದಲ ಸಾಲು: ಕೊಪ್ಪರಿಗೆ, ಹಿಟ್ಟು ಶಾಲೆಯ ಹೊಸ್ತಿಲು ದಾಟಬಾರದು. ಕೆಳಗೆ ನನ್ನದೇ ಸಹಿ. ಎನೆಲೆಸಿ ಮೂರೂ ಕೊಪ್ಪರಿಗೆಗೆ ಬೂದಿ ಹಾಕಿ ಉಜ್ಜಿದಳು.

"ಇಷ್ಟು ಉಜ್ಜಿದ್ರೆ ತಳ ತೂತಾಗುತ್ತೆ ಟೀಚರಮ್ಮ. ಆಮೇಲೆ ಸಾಹೇಬ್ರು ಅದರಲ್ಲಿ ಇಣುಕಿ ನಿಮ್ಮ ಮುಖನೇ ನೋಡ್ಬೇಕು."

ಬಾಯಿ ಜೋರು ಇವಳದು. ಕೈಯೂ ಅಷ್ಟೇ ಚುರುಕು, ಅದಕ್ಕೇ ಸುಮ್ಮನಿರುತ್ತೇನೆ.

ಜನವರಿ 24. ಸಂಜೆ 5

ಊರಿಗೇ ಹಿರಿಯರಾದ ಮುಖುನಾ ಅಜ್ಜ ಹೋದರು. ಮಧ್ಯಾಹ್ನ ತೊಗರಿ ಬಿಡಿಸುತ್ತಾ ಕುಳಿತವರು ಹಾಗೇ ಒರಗಿದರಂತೆ. ಒಳ್ಳೆಯ ಸಾವು. ಆದರೆ ಇವತ್ತೇ ಆಗಬೇಕಿತ್ತೇ?

ಊರ ಯಜಮಾನಿ ತಾನೇ ಬಂದಳು. ನಾಳೆ ಮಣ್ಣು. ನಾಲ್ಕು ಹಳ್ಳಿಯ ಜನ ಸೇರುತ್ತಾರೆ, ಎಲ್ಲರಿಗೂ ಮುದ್ದೆ ಬೇಯಬೇಕು. ಅಷ್ಟು ದೊಡ್ಡ ಪಾತ್ರೆ ಇರುವುದು ಶಾಲೆಯಲ್ಲಿ ಮಾತ್ರ.

"ಆಗಲ್ಲಮ್ಮ. ನಾಳೆನೇ ತಪಾಸಣೆ," ಎಂದು ಕಾಗದ ತೋರಿಸಿದೆ.

ಓದಲು ಬಾರದಿದ್ದರೂ ಪೂರ್ತಿ ನೋಡಿದಳು. "ಈ ಕಾಗದಕ್ಕೆ ಸಾವು ಬರಲ್ಲ ಮಗಳೇ. ನಮಗೆ ಬರುತ್ತೆ." ಆಮೇಲೆ ಮೆಲ್ಲಗೆ, "ನಿಮ್ಮಮ್ಮನ ಮಣ್ಣಿನ ದಿನ ನಮ್ಮ ಮನೆಮನೆಯ ಪಾತ್ರೆ ಕೊಡುವಾಗ ಯಾರಾದ್ರೂ ಕಾಗದ ಕೇಳಿದ್ರಾ?"

ಕೇಳಿರಲಿಲ್ಲ. ಎರಡು ವರ್ಷದ ಹಿಂದೆ ನಾನು ಈ ಊರಿಗೆ ವರ್ಗವಾಗಿ ಬಂದು ಮೂರೇ ತಿಂಗಳು. ಅಮ್ಮನಿಗೆ ಗುಂಡಿ ತೋಡಿದ್ದು ಇದೇ ಜನ.

ಬೀಗದ ಕೈ ಕೊಟ್ಟೆ. ಹೆಡ್‌ಮಾಸ್ತರರು ಬ್ಲಾಂಟೈರ್ ಪಟ್ಟಣದಲ್ಲಿ, ತರಬೇತಿಗೆ. ಹೇಳುವವರಿಲ್ಲ, ಕೇಳುವವರಿಲ್ಲ. ತಪ್ಪು ಪೂರಾ ನನ್ನದು.

ಜನವರಿ 25, ಗುರುವಾರ. ಬೆಳಗ್ಗೆ 6

ಒಲೆಕಲ್ಲು ಮಾತ್ರ ಇವೆ. ಅಡುಗೆಯವರೂ ಇಲ್ಲ — ಸಾವಿನ ಮನೆ ಬಿಟ್ಟು ಯಾವ ಹೆಂಗಸು ಬರುತ್ತಾಳೆ? ಅಂಗಳದಲ್ಲಿ ಆರುನೂರು ಮಕ್ಕಳು. ಫೈನೆಸಿ ಒಲೆಯನ್ನೂ ನನ್ನನ್ನೂ ನೋಡುತ್ತಾಳೆ. ಅಳುವುದಿಲ್ಲ. ಅತ್ತಿದ್ದರೆ ವಾಸಿ.

ಕೊಪ್ಪರಿಗೆ ಇಲ್ಲಿಗೆ ಬರುವ ಹಾಗಿಲ್ಲ. ಹಿಟ್ಟೇ ಅಲ್ಲಿಗೆ ಹೋಗಲಿ. ಮುಳುಗಿದವಳಿಗೆ ಚಳಿಯೇನು, ಮಳೆಯೇನು.

ಅದೇ ದಿನ. ಮಧ್ಯಾಹ್ನ 3

ಈಗಷ್ಟೇ ಶಾಲೆಗೆ ಮರಳಿದೆ.

ಮೂಟೆಗಳನ್ನು ನಾವು ಮೇಷ್ಟರುಗಳೇ ಹೊತ್ತೆವು. ಸಾವಿನ ಮನೆಯ ಹಿಂದೆ ಎನೆಲೆಸಿ ಒಂದು ಕೊಪ್ಪರಿಗೆಯ ಮುದ್ದೆ ಬೇಗ ಇಳಿಸಿ, ತೊಳೆದು, ಗಂಜಿಗೆ ನೀರಿಟ್ಟಳು. ಆರುನೂರು ಮಕ್ಕಳು ಮಗ್ಗು ಹಿಡಿದು ಸಾಲು ನಿಂತರು. ಹೆಣವಿರುವ ಮನೆ, ಗದ್ದಲ ಮಾಡುವಂತಿಲ್ಲ. ಫೈನೆಸಿ ಮಗ್ಗನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು, ಸದ್ದಾಗಬಾರದು ಎಂದು.

ಒಂಬತ್ತಕ್ಕೆ ಗೋಂಡ್ವೆ ಬೈಕಿನಲ್ಲಿ ಶಾಲೆಗೆ ಬಂದಿದ್ದಾರೆ. ತಣ್ಣನೆಯ ಒಲೆಯ ಫೋಟೊ ತೆಗೆದು, ಜನರ ಜಾಡು ಹಿಡಿದು ಅಲ್ಲಿಗೆ. ಸಾವಿನ ಮನೆಯ ಮುಂದೆ ಯಾರೂ ಹಾಗೇ ಹಾದುಹೋಗುವುದಿಲ್ಲ. ಇಳಿದರು. ಟೋಪಿ ತೆಗೆದು, ಗಂಡಸರ ನಡುವೆ ನೆಲದ ಮೇಲೆ ಕುಳಿತರು. ಮಣ್ಣಾಗುವ ತನಕ ಏಳಲಿಲ್ಲ. ಆಮೇಲೆ ನನ್ನನ್ನು ಕರೆದರು.

"ಕೊಪ್ಪರಿಗೆ ಎಲ್ಲಿರಬೇಕಿತ್ತು ಮೇಡಂ?"

"ಅಡುಗೆಮನೇಲಿ."

"ಹಿಟ್ಟು?"

"ಸ್ಟೋರಲ್ಲಿ."

"ಮಕ್ಕಳು?"

"ಗಂಜಿ ಎಲ್ಲಿದ್ಯೋ ಅಲ್ಲಿ ಸರ್."

ನಗಲಿಲ್ಲ. "ಕಂಡದ್ದು ಕಂಡ ಹಾಗೆ ಬರೀತೀನಿ. ತೀರ್ಮಾನ ಮೇಲಿನವರದು." ಹೊರಟೇ ಹೋದರು.

ಜನವರಿ 29

ಏನೂ ಸುದ್ದಿಯಿಲ್ಲ. ಸತ್ತವರಿಗೆ ಮರ್ಯಾದೆ ಮಾಡಲು ಹೋಗಿ ಇದ್ದವರ ಅನ್ನ ಕಿತ್ತೆನೇ?

ಫೆಬ್ರವರಿ 2, ಶುಕ್ರವಾರ

ಕೊನೆಯ ಮೂಟೆ. ನೀರು ಹೆಚ್ಚು ಹಾಕಿಸಿದೆ. ಫೈನೆಸಿ ಮಗ್ಗು ಓರೆ ಮಾಡಿ ನೋಡಿದಳು. "ಟೀಚರ್, ಇವತ್ತು ಗಂಜಿ ಓಡ್ತಾ ಇದೆ."

ಎನೆಲೆಸಿ ಕೂಡ ನಗಲಿಲ್ಲ.

ಫೆಬ್ರವರಿ 5

ಗಂಜಿಯಿಲ್ಲ. ಅರ್ಧದಷ್ಟೂ ಮಕ್ಕಳಿಲ್ಲ. ಫೈನೆಸಿ ಬರಲಿಲ್ಲ. ಅವಳಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬೆಟ್ಟಕ್ಕೆ ಗೆಡ್ಡೆ ಅಗೆಯಲು ಹೋಗಿದ್ದಾಳಂತೆ. ಕೆಲವು ಗೆಡ್ಡೆ ಏಳು ಸಲ ನೀರು ಬದಲಿಸಿ ಬೇಯಿಸದಿದ್ದರೆ ವಿಷ. ದೇವರೇ.

ಫೆಬ್ರವರಿ 6. ಸಂಜೆ 4

ಲಾರಿ!

ಮೊದಲು ಸದ್ದು ಕೇಳಿ ಬೇರೆ ಯಾರದೋ ಅಂದುಕೊಂಡೆ. ನಮ್ಮ ಗೇಟಿಗೇ ತಿರುಗಿತು. ಸುಗ್ಗಿಯವರೆಗೆ ಸಾಕಾಗುವಷ್ಟು ಮೂಟೆ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತೆ, ಮಕ್ಕಳ ಎದುರಿಗೇ. ನಾಚಿಕೆಯೇನೂ ಆಗಲಿಲ್ಲ. ತಡವಾದದ್ದಕ್ಕೆ ಕಾರಣ ನಾನಲ್ಲ, ಸೇತುವೆ. ಐದು ದಿನ ಅದರ ಮೇಲಿಂದ ಮಳೆನೀರು ಇಳಿದಿರಲಿಲ್ಲವಂತೆ. ಹನ್ನೆರಡು ದಿನ ನನ್ನನ್ನು ನಾನೇ ಸುಟ್ಟುಕೊಂಡದ್ದು ದಂಡ.

ಎಲ್ಲ ಇಳಿಸಿದ ಮೇಲೆ ಡ್ರೈವರ್ ಒಂದು ಕೊಪ್ಪರಿಗೆ ಉರುಳಿಸಿಕೊಂಡು ಬಂದ. ಹಳೆಯದು. ತಳವೆಲ್ಲ ಮಸಿ, ಒಂದು ಕಿವಿ ಬೆಸುಗೆ ಹಾಕಿದ್ದು.

"ಇದು ಸಂಸ್ಥೇದಲ್ಲ ಮೇಡಂ. ಗೋಂಡ್ವೆಯವರ ತಾಯೀದು. ಊರಿಗೆ ಕೊಡು, ಶಾಲೆಗಲ್ಲ ಅಂದ್ರು. ಶಾಲೇದು ಶಾಲೇಲೇ ಇರ್ಲಿ ಅಂತೆ."

ಲಾರಿ ಸದ್ದಿಗೆ ಬಂದಿದ್ದ ಯಜಮಾನಿ ಬಾಗಿ ಕೊಪ್ಪರಿಗೆಯೊಳಗೆ ಕೈಯಾಡಿಸಿದಳು. "ಎಷ್ಟು ಸಾವಿಗೆ ಬೆಂದಿದೆಯೋ ಇದು. ಒಳ್ಳೇ ಮನೆ ಪಾತ್ರೆ."

ಎನೆಲೆಸಿಯನ್ನು ಫೈನೆಸಿಯ ಮನೆಗೆ ಓಡಿಸಿದೆ. ಬೆಟ್ಟದಿಂದ ಇಳಿದ ಕೂಡಲೇ ಹೇಳಲಿ.

ಫೆಬ್ರವರಿ 7. ಬೆಳಗ್ಗೆ 5.20

ಒಲೆ ಹೊತ್ತಿದೆ. ಗಂಜಿ ಗಟ್ಟಿ, ಸೌಟು ನಿಲ್ಲುತ್ತದೆ. ಸಾಲು ಬೆಳೆಯುತ್ತಿದೆ. ಅವಳಿಲ್ಲ. ರಾತ್ರಿಯವರೆಗೂ ಮನೆಗೆ ಬೀಗವಿತ್ತಂತೆ. ಸುಮ್ಮನೆ ಬರೆಯುತ್ತಾ ಕುಳಿತಿದ್ದೇನೆ, ಗೇಟು ನೋಡದಿರಲು.

5.50

ಟಣ್ ಟಣ್.

ಫೈನೆಸಿ! ಕಾಲೆಲ್ಲ ಕೆಸರು. ಬೆನ್ನಿಗೆ ತಂಗಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಾಳೆ. ಅದಕ್ಕಿನ್ನೂ ಮೂರು ವರ್ಷವೂ ಆಗಿಲ್ಲ. ಅದರ ಸೊಂಟಕ್ಕೂ ಒಂದು ದಾರ, ದಾರಕ್ಕೆ ಮಗ್ಗಿನ ಬದಲು ಕತ್ತರಿಸಿದ ಎಣ್ಣೆ ಡಬ್ಬಿಯ ತಳ.

ದಾಖಲೆಯಲ್ಲಿ ಹೆಸರಿಲ್ಲದವರಿಗೆ ಗಂಜಿ ಇಲ್ಲ — ಗೋಡೆಯ ಕಾಗದದಲ್ಲಿ ನಾಲ್ಕನೇ ಸಾಲು. ನನ್ನ ಸಹಿಯೇ.

ಸರಿ, ದಾಖಲೆ ಪುಸ್ತಕ ತೆಗೆದೆ. "ನಿನ್ನ ಹೆಸರೇನು ಮರೀ?" ಎಂದರೆ ಹೇಳುವುದಿಲ್ಲ. ಎನೆಲೆಸಿ ಆಗಲೇ ಬಡಿಸಿಬಿಟ್ಟಿದ್ದಾಳೆ, ಅದರ ಬಾಯಿ ತುಂಬ ಗಂಜಿ.