ಕಾವಲಿಯ ಬಿಸಿ

ಐರೋಲಿ

ಪ್ರೀತಿಯ ಪಪ್ಪನಿಗೆ,

ವೈರಸ್ ಪತ್ತೆಗೆಂದು ನಾವು ಗಾಜಿನ ಪಟ್ಟಿಗೆ ಹಚ್ಚುವ ಲೇಪ ಎಂಟು ತಿಂಗಳಿಂದ ಬಿರುಕು ಬಿಡುತ್ತಿತ್ತಲ್ಲ, ಈಗ ನಿಂತಿದೆ. ಬೇಗ ಒಣಗಲೆಂದು ನಾನು ಪಟ್ಟಿಯ ಬಿಸಿ ಹೆಚ್ಚಿಸುತ್ತಲೇ ಇದ್ದೆ. ಡೊಂಬಿವಲಿಯ ಹೋಟೆಲಿನಲ್ಲಿ ನೀವು ಹೊಸ ಅಡುಗೆಯವರಿಗೆ ಬೈದದ್ದು ನೆನಪಾಯಿತು: “ಕಾವಲಿ ಇಷ್ಟು ಕಾದ್ರೆ ಹಿಟ್ಟು ಹರಡ್ತದಾ ಮಾರಾಯ್ರೆ? ಮೊದ್ಲು ನೀರು ಚಿಮುಕಿಸಿ!” ಪಟ್ಟಿ ತಣಿಸಿ ಹಚ್ಚಿದೆ. ನಿನ್ನೆ ಅದು ತೀರಾ ಕಡಿಮೆ ವೈರಸ್ಸನ್ನೂ ಗುರುತಿಸಿತು.

ಅಮ್ಮನ ಜ್ವರ ಯಾವುದೆಂದು ತಿಳಿಯಲು ಆರು ದಿನ ಹಿಡಿದಿತ್ತು. ಇನ್ನು ಅಂಥ ಜ್ವರ ಯಾರಿಗೆ ಬಂದರೂ ಮೊದಲ ದಿನವೇ ತಿಳಿದೀತು.

ಸೋಮವಾರ ನಿಮಗೆ ರಜೆ. ಠಾಣೆಯಲ್ಲಿ ಗಾಡಿ ಬದಲಿಸಿ ಲ್ಯಾಬಿಗೆ ಬನ್ನಿ, ಆಧಾರ್ ಕಾರ್ಡ್ ಮರೆಯಬೇಡಿ. “ಅಲ್ಲಿ ನನಗೇನು ಕೆಲಸ?” ಎನ್ನಬೇಡಿ. ಗೇಟಿನ ಪುಸ್ತಕದಲ್ಲಿ ಭೇಟಿಯ ಕಾರಣ ಬರೆಸಿಯಾಗಿದೆ: ವಿಜ್ಞಾನಿಗಳಿಗೆ ಸಲಹೆ ಕೊಡಲು.

ನಿಮ್ಮ ಮಗಳು,
ಪ್ರೇಕ್ಷಾ